ಸೂಜಿಬಾಯಿಯ ವಾಚ್‌ಮನ್

ಆಗ ನನಗೆ ಐವತ್ತೊಂಬತ್ತು. ಈಗ ಅದಕ್ಕೆ ಹದಿಮೂರು ವರ್ಷ ಆತು. ಕಾರ್ಡಿನಲ್ಲಿ ನನಗೆ ಎರಡು ವರ್ಷ ಜಾಸ್ತಿ ಬರೆದಿದ್ದಾರೆ, ಅದನ್ನು ನಾನು ಒಪ್ಪಿಲ್ಲ.

ವಾಚ್‌ಮನ್ ಭಾವ ಮೊನ್ನೆ ತುಳಸಿ ಹಬ್ಬ ಕಳೆದ ಮೇಲೆ ತೀರಿಕೊಂಡ. ಮಧ್ಯಾಹ್ನ ಬಂಗಡೆ ಸಾರಿನಲ್ಲಿ ಉಂಡ, ಇನ್ನೊಂದು ತುಂಡು ಬೇಕು ಅಂದ, ಮಗಳು ಒಳಗಿಂದ ತರುವುದರೊಳಗೆ ಗೋಡೆಗೆ ಒರಗಿ ಹೋಗಿಯಾಗಿತ್ತು. ಇಷ್ಟು ಚೆಂದದ ಸಾವು ನಮ್ಮೂರಲ್ಲಿ ಯಾರಿಗೂ ಬಂದಿಲ್ಲ. ಅಳಲು ಬಂದವರು ಅತ್ತರು, ಆಮೇಲೆ ಅಂಗಳದಲ್ಲಿ ಕೂತು ಅವನ ಸುದ್ದಿ ತೆಗೆದರು, ತೆಗೆದ ಮೇಲೆ ನಗದೇ ಇರಲು ಯಾರಿಂದಲೂ ಆಗಲಿಲ್ಲ. ಹೆಣದ ಎದುರು ಅಷ್ಟು ನಗೆ ನಾನು ಕಂಡದ್ದಿಲ್ಲ.

ಅವನ ಹೆಸರು ಬರೆಯುವುದಿಲ್ಲ, ಮಗಳು ಬೇಡ ಅಂದಿದ್ದಾಳೆ. ಬರೆದರೂ ಊರಲ್ಲಿ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಓಟಿನ ಚೀಟಿ ಹಂಚುವವರನ್ನು ಬಿಟ್ಟು. ಅವ ನನ್ನ ಸಂಬಂಧಿಕನಲ್ಲ, ನನ್ನ ಗಂಡನ ದೋಸ್ತ. ಹಾಗಾಗಿ ನನಗೆ ಭಾವ, ಅವನಿಗೆ ನಾನು ಅತ್ತಿಗೆ. ಎದುರಿಗೆ ನೀವು ಅನ್ನುತ್ತಿದ್ದೆ, ಹಿಂದಿನಿಂದ ಅವ ಅನ್ನುತ್ತಿದ್ದೆ. ಈಗ ಎದುರಿಗೆ ಇಲ್ಲ, ಹಾಗಾಗಿ ಅವ ಅಂತಲೇ ಬರೆಯುತ್ತೇನೆ. ನಾನು ಮೀನು ಮಾರಿ ಬದುಕಿದವಳು, ಓದಿದ್ದು ಎರಡನೇ ಇಯತ್ತೆ. ಒತ್ತಕ್ಷರ ತಪ್ಪಿದ್ದರೆ ಬರೆಯಲು ಹೇಳಿದ ಶಾಲೆಯ ಅಕ್ಕೋರೇ ತಿದ್ದಿಕೊಳ್ಳಲಿ.

ನಮ್ಮೂರು ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿದರೆ ಸಿಗುತ್ತದೆ. ಇಳಿಯುವಾಗ ಎಡಕ್ಕೆ ಆಸ್ಪತ್ರೆ. ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ಉದ್ದಕ್ಕೆ ಜಗಲಿ. ಮುಂಬಯಿ ಸರ್ಕಾರದ ಕಾಲದಲ್ಲಿ ಮಚವೆ ಹಡಗುಗಳನ್ನಿಟ್ಟು ವ್ಯಾಪಾರ ಮಾಡುತ್ತಿದ್ದ ಒಬ್ಬ ಸಾಹುಕಾರ ಕಟ್ಟಿಸಿದ್ದಂತೆ. ಯಾಕೆ ಕಟ್ಟಿಸಿದ ಅನ್ನುವುದಕ್ಕೆ ಊರಲ್ಲಿ ಎರಡು ಕತೆ ಇದೆ. ಮಚವೆ ಮುಳುಗಿ ಜೀವ ಉಳಿದ ಹರಕೆಗೆ ಅಂತ ಕೆಲವರು ಹೇಳುತ್ತಾರೆ. ಅವನ ಅಳಿಯ ಡಾಕ್ಟರು, ಮನೆಯಲ್ಲೇ ಕೂತು ಉಣ್ಣುತ್ತಿದ್ದವನನ್ನು ಹೊರಗೆ ಹಾಕಲು ಕಟ್ಟಿಸಿದ ಅಂತ ಉಳಿದವರು. ನನಗೆ ಎರಡನೆಯದೇ ಸರಿ ಕಾಣುತ್ತದೆ.

ಆಮೇಲೆ ಸರ್ಕಾರದ್ದಾತು. ನನ್ನ ಇಬ್ಬರೂ ಮಕ್ಕಳು ಅಲ್ಲೇ ಹುಟ್ಟಿದ್ದು. ಕಡೆಯ ಡಾಕ್ಟರಿಗೆ ವರ್ಗ ಆತು, ಬದಲಿಗೆ ಬರಬೇಕಾದವರು ಬರಲಿಲ್ಲ. ನರ್ಸುಗಳು ಒಬ್ಬೊಬ್ಬರೇ ಹೋದರು. ಔಷಧಿ ಕೊಡುವವ ಮಾತ್ರ ಒಂದು ಮಳೆಗಾಲ ಕಳೆಯುವವರೆಗೆ ಕೂತ. ಹೊಟ್ಟೆನೋವಿಗೂ ಕೆಮ್ಮಿಗೂ ಅದೇ ಕೆಂಪು ನೀರು ಕೊಟ್ಟ, ಅದು ಮುಗಿದ ದಿನ ಬೀಗ ಹಾಕಿ ಹೋದ. ಆಸ್ಪತ್ರೆ ಮುಚ್ಚಿತು. ವಾಚ್‌ಮನ್ನನನ್ನು ಮುಚ್ಚಲು ಯಾರಿಗೂ ನೆನಪಾಗಲಿಲ್ಲ.

ಹಾಗೆ ಖಾಲಿ ಆಸ್ಪತ್ರೆಗೆ ಅವನೊಬ್ಬ ಉಳಿದ. ಬೇರೆ ಕೆಲಸಕ್ಕೆ ಹೋಗಬಾರದಾ ಅಂದರೆ, "ಕಾಗದ ಬಂದಿಲ್ಲ" ಅನ್ನುತ್ತಿದ್ದ. ಮಾಡು ಸೋರುತ್ತದಲ್ಲ ಅಂದರೂ ಕಾಗದ ಬಂದಿಲ್ಲ. ಕೂದಲು ಹಣ್ಣಾತಲ್ಲ ಭಾವ ಅಂತ ನಾನು ಒಮ್ಮೆ ಕೇಳಿದೆ, ಅದಕ್ಕೂ ಅದೇ ಅಂದ.

ಆಳು ಬಡಕಲು. ಮೇಲೆ ಖಾಕಿ ಅಂಗಿ, ಕೆಳಗೆ ಲುಂಗಿ. ಖಾಕಿ ಚಡ್ಡಿ ಮೊದಲು ಹರಿಯಿತು, ಅಂಗಿ ಗಟ್ಟಿ ಇತ್ತು, ಅಷ್ಟೇ ಕಾರಣ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಅದರಲ್ಲಿ ಮುಕ್ಕಾಲು ಕೈಗೆ ಬೀಗ ಇರಲಿಲ್ಲ, ಬೀಗ ಇದ್ದಲ್ಲಿ ಬಾಗಿಲು ಇರಲಿಲ್ಲ. ನಡೆದರೆ ಎತ್ತು ಬಂದ ಹಾಗೆ ಸದ್ದು. ಕಳ್ಳನಿಗೆ ಓಡಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು, ಅವನಿಗೂ ಅದೇ ಬೇಕಿತ್ತು.

ಯಾಕೆಂದರೆ ಅವನಷ್ಟು ಅಂಜುಬುರುಕ ನಮ್ಮ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಅಂಥವನನ್ನೇ ಹುಡುಕಿ ಕಾವಲಿಗೆ ಹೇಗೆ ಇಟ್ಟರೋ ಗೊತ್ತಿಲ್ಲ. ಹಗಲಲ್ಲೂ ವಾರ್ಡಿನ ಒಳಗೆ ಕಾಲಿಡುವ ಮೊದಲು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ, "ಬಂದೆ, ಬಂದೆ" ಅಂತ ಖಾಲಿ ಮಂಚಗಳಿಗೆ ಹೇಳುತ್ತಿದ್ದ. ಎಂತಕ್ಕೆ ಅಂದರೆ, "ಹಾವಿಗೂ ಒಂದು ಮರ್ಯಾದೆ ಇರ್ತದೆ ಅತ್ತಿಗೆ, ಹೇಳಿ ಹೋದರೆ ಸರಿ" ಅನ್ನುತ್ತಿದ್ದ. ಒಂದು ಸಂಜೆ ಮಾಡಿನಿಂದ ಪುನುಗಿನ ಬೆಕ್ಕು ಮಂಚದ ಮೇಲೆ ಹಾರಿತು. ಭಾವ ಲುಂಗಿ ಕೈಯಲ್ಲಿ ಹಿಡಿದು ಓಡಿ ಬಂದು ನನ್ನ ಅಂಗಳದ ಒಣಮೀನಿನ ಚಾಪೆಯ ಮೇಲೆ ಬಿದ್ದ. ಅವನ ಮೈ ವಾಸನೆ ಎರಡು ದಿನದಲ್ಲಿ ಹೋತು, ನನ್ನ ಮೀನು ಪುಡಿಯಾದದ್ದು ಆತೇ.

ಖಾಲಿ ಕಟ್ಟಡ ಅಂದರೆ ನಮ್ಮವರಿಗೆ ಬಾಗಿಲು ತೆರೆದ ಅಂಗಡಿ. ಮಳೆಗಾಲದ ಮೊದಲು ಹೆಂಚು ಹೋಗುತ್ತಿತ್ತು, ಮದುವೆಯ ಕಾಲದಲ್ಲಿ ಬೆಂಚು. ಕಿಟಕಿಯ ಸಾಗವಾನಿ ಹೋತು. ಆಮೇಲೆ ಬಾಗಿಲುಗಳಿಗೆ ಕೈ ಹಾಕಿದರು. ಒಬ್ಬನ ಕೊಟ್ಟಿಗೆಯಲ್ಲಿ ಎಮ್ಮೆ ಹೆರಿಗೆ ಕೋಣೆಯ ಬಾಗಿಲ ಹಿಂದೆ ನಿಂತು ಮೆಲುಕು ಹಾಕುತ್ತಿತ್ತು. ಭಾವ ಅದನ್ನು ಕಣ್ಣಾರೆ ಕಂಡ. ಕಂಡು, ಎಮ್ಮೆ ಎಷ್ಟು ಹಾಲು ಕೊಡ್ತದೆ ಅಂತ ಕೇಳಿ ಬಂದ.

ನಾನು ಬೈದೆ. ಬಾಯಿ ಇಲ್ಲದಿದ್ದರೆ ಒಂದು ನಾಯಿಯನ್ನಾದರೂ ಸಾಕಿ ಅಂದೆ. ನಾಯಿಗೆ ಊಟ ಹಾಕಬೇಕಲ್ಲ ಅಂದ. ಎಂಟು ದಿನ ಬಿಟ್ಟು ಚಾ ಅಂಗಡಿಯಲ್ಲಿ ಕೂತು, ದನಿ ತಗ್ಗಿಸಿ, ಆಸ್ಪತ್ರೆಯ ಒಳಗೆ ಒಬ್ಬಳು ಇದ್ದಾಳೆ ಅಂತ ಶುರು ಮಾಡಿದನಂತೆ. ಊಟ ಬೇಡದ ಕಾವಲು ಅವನಿಗೆ ಸಿಕ್ಕಿತ್ತು.

ನಮ್ಮ ಕಡೆ ಹಳಬರು ನರ್ಸಿಗೆ ಬಾಯಿ ಅನ್ನುತ್ತಾರೆ. ಇವಳು ಸೂಜಿಬಾಯಿ. ಕುಳ್ಳಿ, ದಪ್ಪ. ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ಹತ್ತಿ. ದೀಪ ಹಚ್ಚುವ ಹೊತ್ತಿಗೆ ಸೂಜಿಗೆ ನೀರು ಕುದಿಸಲು ಇಡುತ್ತಾಳೆ. ಯಾರಾದರೂ ಒಳಗೆ ಬಂದರೆ ಕೂಗುವುದಿಲ್ಲ, ಕತ್ತು ಹಿಸುಕುವುದಿಲ್ಲ. "ತಿರುಗಿ ಮಲಗು" ಅನ್ನುತ್ತಾಳೆ, ಅಷ್ಟೇ.

ಆ ಒಂದು ಮಾತಿಗೆ ಊರು ನಡುಗಿತು. ನಮ್ಮ ಕಾಲದವರಿಗೆ ಸಾವಿನ ಹೆದರಿಕೆ ಅಷ್ಟಿಲ್ಲ, ಸತ್ತು ನೋಡಿದವರು ಯಾರೂ ಇಲ್ಲ. ಸೂಜಿ ಎಲ್ಲರೂ ಕಂಡವರೇ.

ಅದೇ ವಾರ ಹೆಂಚು ಕದ್ದವನೊಬ್ಬನಿಗೆ ಕುಂಡೆಯ ಮೇಲೆ ಕುರು ಎದ್ದಿತು. ಬೇಸಿಗೆಯಲ್ಲಿ ಮಾವಿನಹಣ್ಣು ಹೊಟ್ಟೆ ಬಿರಿಯ ತಿಂದವರಿಗೆಲ್ಲ ಏಳುತ್ತದೆ, ನನಗೂ ಎದ್ದಿತ್ತು. ಆದರೆ ಅವನಿಗೆ ಎದ್ದದ್ದು ಸೂಜಿ ಹಾಕುವ ಜಾಗದಲ್ಲಿ. ಮರುದಿನ ಹೆಂಚುಗಳು ಕಂಪೌಂಡಿನ ಒಳಗೆ ಸಾಲಾಗಿ ಜೋಡಿಸಿಟ್ಟಿದ್ದವು. ಅದರ ಮಾರನೆಯ ದಿನ ಎಮ್ಮೆಯ ಬಾಗಿಲೂ ಬಂತು, ಸೆಗಣಿ ತೊಳೆದು. ಒಂದು ಬೆಂಚು ಮಾತ್ರ ಬರಲಿಲ್ಲ, ಚಾ ಅಂಗಡಿಯಲ್ಲಿ ಅದರ ಮೇಲೆ ಕೂತೇ ಭಾವ ಚಾ ಕುಡಿಯುತ್ತಿದ್ದ.

ಆಮೇಲೆ ಪಾಳಿ ಹಂಚಿಕೆ ಆತು. ಹಗಲು ಪಾಳಿ ನನ್ನದು, ರಾತ್ರಿ ಪಾಳಿ ಅವಳದು ಅನ್ನುತ್ತಿದ್ದ ನನ್ನ ಹತ್ತಿರ. ಸೂರ್ಯ ಸಮುದ್ರಕ್ಕೆ ಮುಟ್ಟುವ ಮೊದಲೇ ಗೇಟಿಗೆ ಸರಪಳಿ ಹಾಕಿ ಮನೆಗೆ ಬರುತ್ತಿದ್ದ. ವರ್ಷಗಟ್ಟಲೆ ಒಂದು ಹೆಂಚೂ ಅಲುಗಲಿಲ್ಲ. ಅವನನ್ನೂ ನನ್ನನ್ನೂ ಬಿಟ್ಟು ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ.

ತೊಂದರೆ ಎಂತ ಅಂದರೆ, ಸೂಜಿಬಾಯಿ ಬೆಳೆಯಲು ಶುರು ಮಾಡಿದಳು. ಆ ಆಸ್ಪತ್ರೆಯ ನರ್ಸುಗಳಿಗೆಲ್ಲ ಮೀನು ಕೊಟ್ಟವಳು ನಾನು. ಯಾರಿಗೆ ಶೆಟ್ಲಿ ಇಷ್ಟ, ಯಾರು ಶುಕ್ರವಾರ ತಿನ್ನುವುದಿಲ್ಲ, ಎಲ್ಲ ಗೊತ್ತು. ಕುಳ್ಳಿ, ದಪ್ಪ, ಅಂಥವಳು ಒಬ್ಬಳೂ ಇರಲಿಲ್ಲ. ಆದರೆ ನಮ್ಮ ಕೇರಿಯ ಒಬ್ಬ ಮುದುಕಿ, ತನ್ನ ಎರಡನೇ ಹೆರಿಗೆಗೆ ಅವಳೇ ಇದ್ದಳು, ಕೈ ಬಹಳ ಹಗುರ ಅಂದಳು. ಅವಳು ಕುಮಟಾ ಕಡೆಯವಳು ಅಂತ ಒಬ್ಬ ಹೇಳಿದ. ಅವಳ ತಮ್ಮ ಕಾಗಾಲದಲ್ಲಿ ಗದ್ದೆ ಮಾಡಿಕೊಂಡಿದ್ದಾನೆ, ತಾನು ಮಾತಾಡಿಸಿದ್ದೇನೆ ಅಂತ ಇನ್ನೊಬ್ಬ. ಭಾವ ಮುಖ ಸಣ್ಣ ಮಾಡಿಕೊಂಡು ನನ್ನ ಜಗಲಿಗೆ ಬಂದ.

"ಅತ್ತಿಗೆ, ಅವಳಿಗೆ ತಮ್ಮ ಇದ್ದಾನಂತೆ."

ನಾನು ನಕ್ಕು ನಕ್ಕು ಮೀನು ಕೊಯ್ಯುವ ಕತ್ತಿ ಕೆಳಗಿಟ್ಟೆ. ಅವ ನಗಲಿಲ್ಲ. ಅವನಿಗೆ ಅನುಮಾನ ಶುರುವಾಗಿತ್ತು.

ಭಾವನ ಹೆಂಡತಿ ಬೇಗ ಹೋದಳು. ಒಬ್ಬಳೇ ಮಗಳು, ಅವಳನ್ನು ಆಸ್ಪತ್ರೆಯ ಜಗಲಿಯಲ್ಲೇ ದೊಡ್ಡ ಮಾಡಿದ. ಜಡೆ ಹಾಕುತ್ತಿದ್ದ, ಸೊಟ್ಟ ಹಾಕುತ್ತಿದ್ದ. ಹುಡುಗಿ ಉಣ್ಣದಿದ್ದರೆ, ಸೂಜಿಬಾಯಿ ನೀರು ಕುದಿಸಲು ಇಟ್ಟಳು ನೋಡು ಅನ್ನುತ್ತಿದ್ದ. ತಟ್ಟೆ ಖಾಲಿ. ಮಕ್ಕಳಿಗೆ ಊಟ ಮಾಡಿಸುವಾಗ ನಾವೆಲ್ಲ ಇಂಥದ್ದು ಹೇಳುತ್ತೇವೆ. ನಮ್ಮ ಗುಮ್ಮ ಮಗು ದೊಡ್ಡದಾದ ಮೇಲೆ ಹೋಗುತ್ತದೆ, ಅವನ ಗುಮ್ಮ ಹೋಗಲಿಲ್ಲ.

ಮಗಳನ್ನು ಕುಮಟಾ ಹತ್ತಿರದ ಬಾಡಕ್ಕೆ ಮದುವೆ ಮಾಡಿ ಕೊಟ್ಟ. ಚೊಚ್ಚಲಿಗೆ ತವರಿಗೆ ಬಂದಳು. ಡಾಕ್ಟರು ಹೇಳಿದ ದಿನಕ್ಕಿಂತ ಮೂರು ವಾರ ಮೊದಲೇ ನೋವು ಬಂತು. ಭಟ್ಕಳಕ್ಕೆ ಅಂತ ರಿಕ್ಷಾ ಹತ್ತಿಸಿದೆವು, ನಾನೂ ಕೂತೆ. ಶಿರಾಲಿ ದಾಟಲಿಲ್ಲ. ಒಂದು ತೆಂಗಿನಕಾಯಿ ಅಂಗಡಿಯ ಎದುರು ರಿಕ್ಷಾದಲ್ಲೇ ಹೆತ್ತಳು. ಅಂಗಡಿಯವನ ಹೆಂಡತಿ ಬಿಸಿನೀರು ತಂದಳು, ಅಂಗಡಿಯವ ಅಡ್ಡ ಕಟ್ಟಲು ತನ್ನ ಲುಂಗಿಯನ್ನೇ ಬಿಚ್ಚಿ ಕೊಟ್ಟ, ಪುಣ್ಯಾತ್ಮ, ಒಳಗೆ ಚಡ್ಡಿ ಇತ್ತು. ಗಂಡು ಮಗು. ಅವನಿಗೆ ಏನೇನೋ ಚೆಂದದ ಹೆಸರು ಇಟ್ಟಿದ್ದಾರೆ, ಊರಲ್ಲಿ ಎಲ್ಲರೂ ಇವತ್ತಿಗೂ ಶಿರಾಲಿ ಅಂತಲೇ ಕರೆಯುವುದು.

ಅಲ್ಲಿವರೆಗೆ ನಗೆ. ಆಮೇಲೆ ಅವಳಿಗೆ ರಕ್ತ ನಿಲ್ಲಲಿಲ್ಲ. ಭಟ್ಕಳದಿಂದ ಮುಂದೆ ಉಡುಪಿಯ ಕಡೆಗೆ ಒಯ್ದರು, ಅಲ್ಲಿ ಹೇಗೋ ಉಳಿಸಿಕೊಂಡರು. ಮನೆಗೆ ಬಿಡುವ ದಿನ ಡಾಕ್ಟರಮ್ಮ ಭಾವನನ್ನು ಕರೆದು, ಮುಂದಿನದು ದಾರಿಯಲ್ಲಿ ಆದರೆ ತಾಯಿ ಕೈಗೆ ಸಿಗುವುದಿಲ್ಲ ಅಂದರು. ಮನೆಗೆ ಬರುವ ದಾರಿಯುದ್ದಕ್ಕೂ ಭಾವ ಬೀಗದ ಕೈ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದಿದ್ದ, ಸದ್ದಾಗದ ಹಾಗೆ.

ನಾನು ಮೊದಲು ಹೇಳಿದ ಐವತ್ತೊಂಬತ್ತು, ಆ ಮಗಳು ಎರಡನೆಯದಕ್ಕೆ ಬಸುರಾದ ವರ್ಷ. ಅದೇ ವರ್ಷ ಆಸ್ಪತ್ರೆಗೆ ಜೀಪು ಬಂತು. ಆರೋಗ್ಯ ಇಲಾಖೆಯವರು ಇಳಿದು ಗೋಡೆಗೆ ಗುದ್ದಿ ನೋಡಿದರು, ಮಾಡು ನೋಡಿದರು. ಕಟ್ಟಡ ಗಟ್ಟಿ ಇದೆ, ಇಷ್ಟು ಹೆಂಚು ಉಳಿದದ್ದೇ ಆಶ್ಚರ್ಯ, ಒಂದು ಹೆರಿಗೆ ವಾರ್ಡು ತೆರೆಯುತ್ತೇವೆ, ಡಾಕ್ಟರು ನರ್ಸು ಕೊಡುತ್ತೇವೆ ಅಂದರು. ಊರ ಸಭೆ ಒಪ್ಪಬೇಕು, ಒಪ್ಪದಿದ್ದರೆ ಬೇರೆ ಊರಿಗೆ ಹೋಗುತ್ತದೆ ಅಂದರು. ಭಾವ ಓಡುತ್ತಾ ಬಂದ. "ಕಾಗದ ಬಂತು ಅತ್ತಿಗೆ" ಅಂದ. ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಸಭೆ ಶಾಲೆಯಲ್ಲಿ ಸೇರಿತು. ಆಸ್ಪತ್ರೆ ಬೇಡ ಅಂತ ಒಬ್ಬರೂ ಹೇಳಲಿಲ್ಲ. ಆ ಕಟ್ಟಡ ಬೇಡ ಅಂದರು. ಹೊಸದು ಕಟ್ಟಿ ಅಂದರು. ಬಂದ ಸಾಹೇಬರು ಹೊಸದು ಆಗುವುದಿಲ್ಲ ಅಂದರು. ಹಾಗಾದರೆ ಸೂಜಿಬಾಯಿಯ ಎದುರು ಯಾರ ಮಗಳು ಹೆರುವುದು, ಮೊದಲು ಅದು ಹೇಳಿ ಅಂತ ಮೂಲೆಮನೆಯವಳು ಎದ್ದು ನಿಂತಳು. ಸಾಹೇಬರು ಸೂಜಿಬಾಯಿ ಯಾರು, ಯಾವ ಇಲಾಖೆಯವರು ಅಂತ ಕೇಳಿದರು.

ಆಗ ಭಾವ ಎದ್ದ. ಸೊಂಟದ ಬೀಗದ ಕೈಗಳ ಸದ್ದು ನನಗೆ ಕೇಳುತ್ತಿತ್ತು.

"ಸೂಜಿಬಾಯಿ ಅಂತ ಯಾರೂ ಇಲ್ಲ. ಹೆಂಚು ಕದಿಯಬಾರದು ಅಂತ ನಾನೇ ಕಟ್ಟಿದ ಸುಳ್ಳು ಅದು."

ಆಮೇಲೆ ಯಾರೋ, ಪಾಪ, ಎಷ್ಟು ಹೆದರಿಸಿದ್ದಾಳೆ ನೋಡಿ ಅವನನ್ನು ಅಂದರು. ಇಷ್ಟು ವರ್ಷ ಅವಳು ರಾತ್ರಿ ಕಾವಲು ಕಾದಳು, ಇವ ಸಂಬಳ ತಿಂದ, ಈಗ ಇಲ್ಲ ಅಂತಾನಲ್ಲ, ಹೀಗೆ ಹೇಳಿದರೆ ಅವಳು ಸುಮ್ಮನಿರುತ್ತಾಳಾ ಅಂದ ಇನ್ನೊಬ್ಬ. ಮುದುಕಿ ತನ್ನ ಎರಡನೇ ಹೆರಿಗೆಯ ಸುದ್ದಿ ತೆಗೆದಳು. ಕಾಗಾಲದ ತಮ್ಮನ ಸುದ್ದಿಯೂ ಬಂತು. ಕುರು ಎದ್ದವನು ಎದ್ದು, ಗುರುತು ತೋರಿಸಲೋ ಅಂತ ಕೇಳಿದ, ಹೆಂಗಸರು ಬೈದು ಕೂರಿಸಿದರು. ಸಾಹೇಬರು ಕೈ ಮುಗಿದು, ಹುಣ್ಣಿಮೆ ಕಳೆದು ಬರುತ್ತೇನೆ, ಅಷ್ಟರಲ್ಲಿ ಹೌದೋ ಅಲ್ಲವೋ ಒಂದು ಹೇಳಿ ಅಂತ ಹೋದರು.

ಊರು ಹೋಗಲಿ, ಮಗಳೇ ನಂಬಲಿಲ್ಲ. ಅಪ್ಪ ಎಷ್ಟು ಆಣೆ ಹಾಕಿದರೂ, "ನನ್ನ ಮೇಲಿನ ಆಸೆಗೆ ನೀವು ಈಗ ಸುಳ್ಳು ಹೇಳ್ತಿದ್ರಿ" ಅಂದಳು. ತಾನು ಸಣ್ಣವಳಿರುವಾಗ ಅವಳು ನೀರು ಕುದಿಸುವ ವಾಸನೆ ಬಂದದ್ದು ನೆನಪಿದೆ ಅಂದಳು. "ರಿಕ್ಷಾದಲ್ಲೇ ಹೆರ್ತೆ ಅಪ್ಪಾ. ಅಲ್ಲಿ ಹೆರುದಿಲ್ಲ."

ಸಂಜೆ ಭಾವ ನನ್ನ ಜಗಲಿಯಲ್ಲಿ ಕೂತ. ಚಾ ಕೊಟ್ಟೆ, ಮುಟ್ಟಲಿಲ್ಲ. ಸೂಜಿಬಾಯಿಯನ್ನು ಹುಟ್ಟಿಸುವಾಗ ನನ್ನನ್ನು ಕೇಳಿದ್ರಾ ಅಂತ ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಮುಚ್ಚಿದೆ. ಹೆದರಿದ ಮುಖ ನಾನು ಬೇಕಾದಷ್ಟು ಸಲ ಕಂಡಿದ್ದೆ. ಇದು ಆ ಮುಖ ಅಲ್ಲ.

"ನೋಡಿ ಭಾವ" ಅಂದೆ. "ಇಲ್ಲ ಅಂತ ಹೇಳಿ ಅವಳನ್ನು ಇವರ ತಲೆಯಿಂದ ತೆಗೆಯಲು ಆಗುವುದಿಲ್ಲ. ಇದ್ದಾಳೆ ಅಂತಲೇ ಹೇಳಿ. ವರ್ಗ ಮಾಡಿಸಿ."

ನಮ್ಮ ಕಡೆ ಇದು ಹೊಸದಲ್ಲ. ಗದ್ದೆಯಲ್ಲೋ ಬಾವಿಯ ಹತ್ತಿರವೋ ಏನಾದರೂ ಕಾಟ ಕೊಟ್ಟರೆ ನಾವು ಅದನ್ನು ಇಲ್ಲ ಅನ್ನುವುದಿಲ್ಲ, ಓಡಿಸುವುದೂ ಇಲ್ಲ. ಒಂದು ಮರದ ಬುಡ ತೋರಿಸಿ, ಕಲ್ಲು ನೆಟ್ಟು, ವರ್ಷಕ್ಕೊಮ್ಮೆ ಏನು ಕೊಡುವುದು ಅಂತ ಮಾತಾಡಿ ಕೂರಿಸುತ್ತೇವೆ. ದಾರಿಬದಿಯ ಎಷ್ಟೋ ಕಲ್ಲುಗಳು ಹಾಗೇ ಕೂತದ್ದು. ಕೂತ ಮೇಲೆ ಅವೇ ಊರು ಕಾಯುತ್ತವೆ.

ಭಾವ, ವರ್ಗಕ್ಕೆ ಕಾಗದ ಬೇಕಲ್ಲ ಅಂದ. ಅಮ್ಮನ ಗುಡಿಯಲ್ಲಿ ಪ್ರಸಾದ ಕೇಳಿ, ಅದೇ ಕಾಗದ ಅಂದೆ. ಅಮ್ಮನ ಎರಡು ಭುಜಕ್ಕೆ ಅಡಿಕೆ ಸಿಂಗಾರದ ಎಸಳು ಒದ್ದೆ ಮಾಡಿ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಅದರ ಮೇಲೆ ನಮ್ಮೂರಲ್ಲಿ ಮಾತಿಲ್ಲ.

"ಅಮ್ಮನ ಎದುರು ಸುಳ್ಳು ಕೇಳಲೋ ಅತ್ತಿಗೆ?"

"ಸುಳ್ಳು ಎಂತಕ್ಕೆ ಕೇಳ್ತ್ರಿ? ಇದ್ದಾಳೋ ಇಲ್ಲವೋ ಅಂತ ಕೇಳಬೇಡಿ. ಆ ಕಟ್ಟಡ ಬಾಣಂತಿಯರಿಗೆ ಬಿಟ್ಟುಕೊಡಬಹುದೋ ಅಂತ ಕೇಳಿ. ಅದು ನಿಜವಾಗಿ ಕೇಳಬೇಕಾದ್ದೇ."

ಮಂಗಳವಾರ ಊರೆಲ್ಲ ಗುಡಿಯಲ್ಲಿ ಸೇರಿತು. ಮಗಳು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು, ಐದು ತಿಂಗಳ ಹೊಟ್ಟೆ. ಭಟ್ಟರು ಎಸಳು ಅಂಟಿಸಿದರು. ಭಾವ ಕೈ ಮುಗಿದು ನಾನು ಹೇಳಿಕೊಟ್ಟ ಹಾಗೇ ಕೇಳಿದ. ಎಸಳು ಬೀಳಲಿಲ್ಲ. ಬಲದ್ದೂ ಇಲ್ಲ, ಎಡದ್ದೂ ಇಲ್ಲ. ಕಾದೆವು. ಖಾಕಿ ಅಂಗಿ ಬೆನ್ನಿಗೆ ಅಂಟಿತು. ಅಂಗಿಯ ಒಳಗೆ ಆ ಬಡಕಲು ಬೆನ್ನು ಎಷ್ಟು ಬಿಗಿಯಾಗಿತ್ತು ಅಂದರೆ, ಎಡಗಡೆಯದು ಬಿದ್ದಿದ್ದರೆ ಅವನೂ ಅಲ್ಲೇ ಬೀಳುತ್ತಿದ್ದ.

ಹಿಂದಿನಿಂದ ಯಾರೋ, ಅವಳು ಎಂತ ಕೊಡ್ತ್ರಿ ಅಂತ ಕೇಳ್ತಿದ್ದಾಳೆ ಅಂದರು. ಹೌದು ಹೌದು ಅಂತ ಎಲ್ಲರೂ ಅಂದರು. ಕೋಳಿ ಕೊಡುವ ಅಂತ ಒಬ್ಬ. ಅವಳು ಕೋಳಿ ತಿನ್ನುವವಳೋ ಅಲ್ಲವೋ ನೋಡಬೇಕಲ್ಲ ಅಂತ ಇನ್ನೊಬ್ಬ. ಅವಳು ಯಾರ ಪೈಕಿ ಅನ್ನುವುದರ ಮೇಲೆ ಸಣ್ಣ ಜಗಳವೇ ಆತು. ಅಷ್ಟು ವರ್ಷದಲ್ಲಿ ಅದೊಂದನ್ನು ಭಾವ ಕಟ್ಟಿರಲಿಲ್ಲ. ಕಡೆಗೆ ಎಲ್ಲರೂ ಅವನನ್ನೇ ಕೇಳಿದರು, ನಿಮಗೆ ಗೊತ್ತಿರಬೇಕಲ್ಲ, ಅವಳು ಎಂತ ತಿನ್ನುತ್ತಿದ್ದಳು ಅಂತ.

ಭಾವ ಕಣ್ಣು ಕಣ್ಣು ಬಿಟ್ಟ. ಬೆಳಿಗ್ಗೆಯಿಂದ ಉಪವಾಸ ಇದ್ದ ಮನುಷ್ಯ, ಅವನ ಹೊಟ್ಟೆಗೆ ಎಂತ ಬೇಕಿತ್ತೋ ಅದೇ ಬಾಯಿಗೆ ಬಂತು.

"ಚಾ" ಅಂದ. "ಚಾ ಮತ್ತೆ ಬನ್ಸು."

ಊರು ಒಪ್ಪಿತು. ನರ್ಸು ಅಲ್ಲವೋ, ಡ್ಯೂಟಿಯಲ್ಲಿ ಮತ್ತೆಂತ ತಿನ್ನುತ್ತಾಳೆ ಅಂದರು. ಭಟ್ಟರು ಚಾ, ಬನ್ಸು ಅಂತ ಸಂಸ್ಕೃತದ ನಡುವೆ ಸೇರಿಸಿ ಇನ್ನೊಮ್ಮೆ ಕೇಳಿದರು. ಬಲಗಡೆಯ ಎಸಳು ಬಿತ್ತು. ನಾನು ಅಮ್ಮನ ವಿಷಯದಲ್ಲಿ ಚೇಷ್ಟೆ ಮಾಡುವವಳಲ್ಲ. ಬಿತ್ತು, ಅಷ್ಟೇ.

ಕಂಪೌಂಡಿನ ಹೊರಗೆ ಹೊನ್ನೆ ಮರದ ಬುಡಕ್ಕೆ ಕಲ್ಲು ತಂದರು. ಅವಳನ್ನು ಒಳಗಿಂದ ಕರೆದುಕೊಂಡು ಬರುವ ಕೆಲಸ ಭಾವನದ್ದೇ ಅಂತಾತು, ಪರಿಚಯದವನು ಅಂತ. ದೀಪ ಹಿಡಿದು, ಒಂದೊಂದೇ ಕೋಣೆ ತೆರೆದು, ಕೆಮ್ಮಿ, ಬಾರೇ ಬಾಯಿ, ಬಾ ಅನ್ನುತ್ತಾ ಹಿಮ್ಮುಖವಾಗಿ ನಡೆದು ಬಂದ. ತಾನೇ ಮಾಡಿದ್ದಕ್ಕೆ ತಾನೇ ಅಷ್ಟು ಹೆದರಿದವನನ್ನು ನಾನು ನೋಡಿಲ್ಲ. ಮಗಳು ನನ್ನ ಸೆರಗು ಹಿಡಿದು, "ದೊಡ್ಡಮ್ಮ, ಬಂದಳನಾ?" ಅಂತ ಕೇಳಿದಳು. "ಬಂದಳು" ಅಂದೆ. "ದಪ್ಪ ಅಲ್ದಾ, ಏದುಸಿರು ಬಿಡ್ತಾ ಬಂದಳು." ಹುಡುಗಿ ಆಗ ಉಸಿರು ಬಿಟ್ಟಳು.

ಈಗಲೂ ಆ ಕಲ್ಲಿಗೆ ಚಾ ಇಟ್ಟೇ ಹೆರಿಗೆಗೆ ಒಳಗೆ ಹೋಗುವುದು. ಭಟ್ಕಳ ಪೇಟೆಯ ಬೀಬಿಯರೂ ಬರುತ್ತಾರೆ, ಅವರು ಕೈ ಮುಗಿಯುವುದಿಲ್ಲ, ಆದರೆ ಬನ್ಸು ಇಡದೆ ಹೋಗುವುದಿಲ್ಲ. ಆ ಮರದ ಕಾಗೆಗಳು ಹಾರಲಾರದಷ್ಟು ದಪ್ಪ ಆಗಿವೆ. ಭಾವ ನಿವೃತ್ತಿಯ ಕಾಗದ ಬಂದ ಮೇಲೂ ದಿನಾ ಬಂದು ವಾರ್ಡಿನ ಬಾಗಿಲಲ್ಲಿ ಕೆಮ್ಮುತ್ತಿದ್ದ. ಹೊಸ ನರ್ಸುಗಳು ಎದೆಯ ಫೋಟೋ ತೆಗೆಸಿ ಅಂತ ಗಂಟು ಬಿದ್ದು, ಎರಡು ಸಲ ತೆಗೆಸಿದರು.

ಹುಣ್ಣಿಮೆ ಕಳೆದು ಬಂದ ಸಾಹೇಬರಿಗೆ ಊರು ಹೌದು ಅಂದಿತು. ಒಂದು ವಾರ್ಡಿಗೆ ಸುಣ್ಣ ಬಳಿದು, ಕರೆಂಟು ಎಳೆದು, ನೀರು ಬರುವ ಹೊತ್ತಿಗೆ ಹುಡುಗಿಗೆ ದಿನ ಹತ್ತಿರ ಬಂದಿತ್ತು. ಆಸ್ಪತ್ರೆ ತೆರೆದು ಒಂದು ವಾರ ಯಾರೂ ಬರಲಿಲ್ಲ. ಊರೆಲ್ಲ ನೋಡುತ್ತಿತ್ತು, ಮೊದಲು ಹೋಗುವವರು ಯಾರು ಅಂತ. ಒಂದು ಮಧ್ಯಾಹ್ನ ನೋವು ಬಂತು. ರಿಕ್ಷಾ ಬೇಕಾಗಲಿಲ್ಲ, ನನ್ನ ಹೆಗಲ ಮೇಲೆ ಕೈ ಇಟ್ಟು ನಡೆದೇ ಬಂದಳು. ಗೇಟಿನ ಹತ್ತಿರ ಒಮ್ಮೆ ನಿಂತು ಮರದ ಕಡೆ ನೋಡಿದಳು. ಕಲ್ಲು ಅಲ್ಲೇ ಇತ್ತು. ಒಳಗೆ ಹೋದಳು.

ಹೊರಗೆ ಬಂದರೆ ಜಗಲಿಯಲ್ಲಿ ಭಾವ ಇಲ್ಲ. ಹುಡುಕಿದೆ. ಹೊನ್ನೆ ಮರದ ಹತ್ತಿರ ಮಂಡಿಯೂರಿ ಕೂತಿದ್ದ. ಕಲ್ಲಿನ ಎದುರು ಲೋಟದಲ್ಲಿ ಚಾ, ಎಲೆಯ ಮೇಲೆ ಬನ್ಸು, ಒಂದಲ್ಲ, ಗುಡ್ಡೆ. ಅಂಗಡಿಯ ಬನ್ಸು ಎಲ್ಲ ತಂದಿದ್ದ. ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದ. ಬೇರೆ ಯಾರೂ ಇರಲಿಲ್ಲ, ಯಾರಿಗೂ ತೋರಿಸಲು ಮಾಡಿದ್ದಲ್ಲ.

"ಎಂತ ಭಾವ ಇದು? ನೀವೇ ಹುಟ್ಟಿಸಿದ್ದು ಅಲ್ದಾ?"

ಕಣ್ಣು ತೆರೆಯಲಿಲ್ಲ.

"ಹುಟ್ಟಿಸಿದ್ದು ನಾನೇ. ಈಗ ದೊಡ್ಡವಳಾಗಿದ್ದಾಳಲ್ಲ ಅತ್ತಿಗೆ. ನನ್ನ ಮಾತು ಅವಳು ಕೇಳಬೇಕು ಅಂತಿಲ್ಲ, ನಾನೇ ಕೇಳಿಕೊಳ್ಳಬೇಕು."

ಅವನ ಪಕ್ಕ ಕೂತೆ, ಕಾಲು ನೋಯುತ್ತಿತ್ತು.

ಸಂಜೆ ಬಿಸಿಲು ಇರುವಾಗಲೇ ಮಗು ಕೂಗಿತು. ಹೆಣ್ಣು. ಈ ಸಲವೂ ರಕ್ತ ಹೋತು. ಆದರೆ ಹೊಸ ಡಾಕ್ಟರಮ್ಮ ಅಲ್ಲೇ ಇದ್ದರು, ಔಷಧಿ ಅಲ್ಲೇ ಇತ್ತು, ಒಂದು ಸೂಜಿ ಹಾಕಿದರು, ಇನ್ನೊಂದು ಹಾಕಿದರು, ನಿಂತಿತು. ನರ್ಸು ಬಂದು ತಾಯಿ ಮಗು ಸಮ ಇದ್ದಾರೆ ಅಂದಾಗ ಭಾವ ನನಗೆ ಕೈ ಮುಗಿದ, ನರ್ಸಿಗೆ ಮುಗಿದ, ಗೇಟಿಗೆ ಮುಗಿದ, ಆಮೇಲೆ ತಣ್ಣಗಾದ ಬನ್ಸು ಎಲೆಯಿಂದ ತೆಗೆದು ಒಂದರ ಹಿಂದೆ ಒಂದು ತಿಂದ. ಸುದ್ದಿ ದೀಪ ಹಚ್ಚುವುದರೊಳಗೆ ಊರೆಲ್ಲ ಮುಟ್ಟಿತು.

ಮರುದಿನ ಬೆಳಿಗ್ಗೆ ಬಾಣಂತಿಗೆ ಗಂಜಿ ಒಯ್ದೆ. ಜಗಲಿಯ ಮೇಲೆ ಆಗಲೇ ಇಬ್ಬರು ಬಸುರಿಯರು, ಅವರ ಅತ್ತೆಯಂದಿರು, ಚೀಲ, ಫ್ಲಾಸ್ಕು. ಸಭೆಯಲ್ಲಿ ಎದ್ದು ನಿಂತ ಮೂಲೆಮನೆಯವಳೂ ಸೊಸೆಯನ್ನು ಕೂರಿಸಿಕೊಂಡು ಕೂತಿದ್ದಳು, ಇಲ್ಲಿ ಹತ್ತಿರ ಬಿಸಿ ಚಾ ಎಲ್ಲಿ ಸಿಗ್ತದೆ ಅಂತ ನನ್ನನ್ನೇ ಕೇಳಿದಳು. ನಾನು ಗಂಜಿಯ ಪಾತ್ರೆ ಒಳಗಿಟ್ಟು ಮನೆಗೆ ಹೋದೆ. ಗುದ್ದಲಿ ತೆಗೆದೆ, ನಾಲ್ಕು ಗಟ್ಟಿ ಗೂಟ ಆರಿಸಿ ಹೊತ್ತುಕೊಂಡು ಬಂದೆ, ಇನ್ನೊಬ್ಬರಿಗೆ ಹೊಳೆಯುವ ಮೊದಲು ಗೇಟಿನ ಪಕ್ಕ ಚಾ ಅಂಗಡಿಗೆ ಗುಂಡಿ ತೋಡಿದೆ.